ಟೈರಿನ ಕೆಳಗೆ ಏನಿದೆ ಎಂದು ಯಾರಿಗೆ ಗೊತ್ತು?

ಪ್ರಶ್ನೆ: ಸರ್, ನಾನು ಶಿವಮೊಗ್ಗದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಊರು ತೀರ್ಥಹಳ್ಳಿ ಹತ್ತಿರ. ಅಪ್ಪ ಇಪ್ಪತ್ತೆರಡು ವರ್ಷದಿಂದ ಆಗುಂಬೆ ಘಾಟಿಯಲ್ಲಿ ಮಿನಿ ಬಸ್ ಓಡಿಸುತ್ತಾರೆ. ಚಾಲಕನಿಲ್ಲದ ರೇಸ್ ಕಾರೊಂದು ಹೊರಟ ಕೂಡಲೇ ಗೋಡೆಗೆ ಗುದ್ದಿದ ವಿಡಿಯೊವನ್ನು ಅವರಿಗೆ ತೋರಿಸಿದೆ. 'ನೋಡು, ಮಿಷಿನ್ ಕೈಗೆ ಸ್ಟೀರಿಂಗ್ ಕೊಟ್ರೆ ಹಿಂಗೇ ಆಗೋದು' ಅಂದರು. ಆದರೆ ಡ್ರೋನ್ ರೇಸಿನಲ್ಲಿ ಯಂತ್ರವೇ ಚಾಂಪಿಯನ್‌ಗಳನ್ನು ಸೋಲಿಸಿದೆ ಎಂದು ಓದಿದ್ದೇನೆ. ಕಾರ್ ರೇಸಿನಲ್ಲೂ ಮುಂದೆ ಹಾಗೇ ಆಗುತ್ತದಾ? ಹಾಗಾದರೆ ಆಮೇಲೆ ರೇಸಿನಲ್ಲಿ ನೋಡಲು ಏನು ಉಳಿಯುತ್ತದೆ?

ಉತ್ತರ: ನಿಮ್ಮ ಅಪ್ಪನ ಮಾತಿನಲ್ಲಿ ನಿಜ ಇದೆ. ಆದರೆ ಆ ವಿಡಿಯೊ ಅದಕ್ಕೆ ಸಾಕ್ಷಿ ಆಗುವುದಿಲ್ಲ. ಮೊದಲು ಅದನ್ನೇ ಬಿಡಿಸಿ ಹೇಳುತ್ತೇನೆ.

ನೀವು ನೋಡಿದ್ದು 2020ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಥ್ರಕ್ಸ್‌ಟನ್ ಟ್ರ್ಯಾಕಿನಲ್ಲಿ ನಡೆದ, ರೋಬೋರೇಸ್ ಎಂಬ ಚಾಲಕನಿಲ್ಲದ ಕಾರುಗಳ ಸ್ಪರ್ಧೆಯ ದೃಶ್ಯ ಇರಬೇಕು. ಕಾರು ಸುಮ್ನೆ ನಿಂತಿರುತ್ತದೆ. ಹೊರಡು ಎಂದ ಕೂಡಲೇ ಬಲಕ್ಕೆ ತಿರುಗಿ ಗೋಡೆಗೆ ಹೋಗಿ ಬಡಿಯುತ್ತದೆ. ಎಂಥವರಿಗೂ ನಗು ಬರುತ್ತದೆ. ಆದರೆ ಎಡವಟ್ಟು ಆಗಿದ್ದು ಗೋಡೆಯ ಹತ್ತಿರ ಅಲ್ಲವೇ ಅಲ್ಲ. ಅದಕ್ಕೂ ಮೊದಲು ಕಾರು ಒಂದು ಸುತ್ತು ತಯಾರಿಗೆಂದು ಹೋಗಿತ್ತು. ಆಗ ಸ್ಟೀರಿಂಗಿನ ಲೆಕ್ಕದೊಳಗೆ ಒಂದು ಕೆಟ್ಟ ಬೆಲೆ ಸೇರಿಕೊಂಡಿತು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸು ಎಂದರೆ ಕಂಪ್ಯೂಟರ್ 'ಇದು ಸಂಖ್ಯೆಯೇ ಅಲ್ಲ' ಎಂದು ಗುರುತು ಹಾಕುತ್ತದಲ್ಲ, ಆ ಬಗೆಯದು. ಅಂಥ ಬೆಲೆ ಸ್ಟೀರಿಂಗಿಗೆ ಹೋಯಿತು, ಸ್ಟೀರಿಂಗ್ ಬಲಕ್ಕೆ ಪೂರ್ತಿ ತಿರುಗಿ ಅಲ್ಲೇ ಕೂತಿತು. ಆಮೇಲೆ ಹೊರಡುವ ಆದೇಶ ಬಂತು, ಕಾರು ಹೊರಟಿತು. ಪ್ರೋಗ್ರಾಂ ಬರೆಯುವವರಿಗೆ ಎದೆ ಝಲ್ಲೆನ್ನುವ ತಪ್ಪು ಇದು. ಆದರೂ ತಿದ್ದಬಹುದಾದ ತಪ್ಪು. ಬೆಲೆ ಸರಿ ಇದೆಯಾ ಎಂದು ಕೇಳುವ ಒಂದು ಸಾಲು ಬರೆದಿದ್ದರೆ ಆ ಕಾರು ಅಲ್ಲೇ ನಿಲ್ಲುತ್ತಿತ್ತು.

ಅಪ್ಪನ ಮಾತಿಗೆ ಗಟ್ಟಿ ಸಾಕ್ಷಿ ಬೇಕಿದ್ದರೆ 2024ರ ನವೆಂಬರಿಗೆ ಬನ್ನಿ. ಜಪಾನಿನ ಸುಜುಕಾ ಟ್ರ್ಯಾಕ್. ಸೂಪರ್ ಫಾರ್ಮುಲಾ ಎಂಬ ಕಾರ್ ರೇಸ್ ಸರಣಿಯ ಕೊನೆಯ ಸುತ್ತಿನ ದಿನ. ಹಿಂದೆ ಫಾರ್ಮುಲಾ ಒನ್‌ನಲ್ಲಿ ಓಡಿಸಿದ್ದ ಡ್ಯಾನಿಲ್ ಕ್ವ್ಯಾಟ್ ಒಂದು ಕಾರಿನಲ್ಲಿ, ಇನ್ನೊಂದು ಕಾರಿನಲ್ಲಿ ಯಾರೂ ಇಲ್ಲ. ಮನುಷ್ಯನಿಗೂ ಯಂತ್ರಕ್ಕೂ ಪ್ರದರ್ಶನ ಓಟ ಎಂದು ಏರ್ಪಾಡಾಗಿತ್ತು. ಓಟ ಶುರುವಾಗುವ ಮೊದಲೇ, ಮೆಲ್ಲಗೆ ಹೋಗುವ ಸುತ್ತಿನಲ್ಲಿ, ನೇರ ದಾರಿಯಲ್ಲಿ ಯಂತ್ರದ ಕಾರಿನ ಹಿಂಭಾಗ ಜಾರಿತು. ಗಿರಕಿ ಹೊಡೆದು ಗೋಡೆಗೆ ಹೋಯಿತು. ಟೈರ್ ತಣ್ಣಗಿತ್ತು.

ನನ್ನ ಪಾಲಿಗೆ ಇಡೀ ವಿಷಯ ಇರುವುದು ಈ ತಣ್ಣಗಿನ ಟೈರಿನಲ್ಲಿ. ರೇಸ್ ಟೈರ್ ಬಿಸಿ ಏರಿದರೆ ಮಾತ್ರ ರಸ್ತೆಯನ್ನು ಹಿಡಿಯುತ್ತದೆ. ತಣ್ಣಗಿದ್ದಾಗ ಅದೇ ರಬ್ಬರು ನೆಲದ ಮೇಲೆ ಹಲಗೆಯ ಹಾಗೆ ಜಾರುತ್ತದೆ. ರೇಸಿಗೆ ಮೊದಲು ಚಾಲಕರು ಹಾವಿನ ಹಾಗೆ ಆಚೆ ಈಚೆ ಹೋಗುವುದನ್ನು, ಸುಮ್ಮನೆ ಬ್ರೇಕ್ ಒತ್ತಿ ಬಿಡುವುದನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ. ಟೈರಿಗೆ ಬಿಸಿ ಏರಿಸುತ್ತಿರುತ್ತಾರೆ. ಜೊತೆಗೆ ಇನ್ನೊಂದು ಕೆಲಸವೂ ನಡೆಯುತ್ತಿರುತ್ತದೆ. ಇವತ್ತು, ಈ ಹೊತ್ತಿನಲ್ಲಿ, ಈ ರಸ್ತೆ ಎಷ್ಟು ಕೊಡುತ್ತದೆ ಎಂದು ಕೈಯಿಂದಲೇ ಕೇಳುತ್ತಿರುತ್ತಾರೆ.

ಟೈರಿನ ಹಿಡಿತ ಜೇಬಿನಲ್ಲಿರುವ ನೂರು ರೂಪಾಯಿಯ ಹಾಗೆ. ಬ್ರೇಕಿಗೂ ಅದರಿಂದಲೇ ಖರ್ಚು ಮಾಡಬೇಕು, ತಿರುವಿಗೂ ಅದರಿಂದಲೇ. ನೂರನ್ನೂ ಬ್ರೇಕಿಗೆ ಕೊಟ್ಟರೆ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಈ ಲೆಕ್ಕದಲ್ಲಿ ಒಂದು ಚಂದ ಇದೆ. ಬ್ರೇಕಿಗೆ ಎಪ್ಪತ್ತು ಕೊಟ್ಟ ಮೇಲೆ ತಿರುವಿಗೆ ಬರೀ ಮೂವತ್ತು ಉಳಿಯುವುದಿಲ್ಲ, ಹೆಚ್ಚು ಕಡಿಮೆ ಎಪ್ಪತ್ತೇ ಸಿಗುತ್ತದೆ. ಎರಡೂ ಬಲ ಬೇರೆ ಬೇರೆ ದಿಕ್ಕಿನವು, ಪೈಥಾಗೊರಸ್ ಲೆಕ್ಕ ಹಾಕಿ ನೋಡಿ. ತಿರುವಿನೊಳಗೆ ಹೋಗುತ್ತಾ ಬ್ರೇಕನ್ನು ಎಳೆ ಎಳೆಯಾಗಿ ಬಿಡುವುದು ರೇಸ್ ಚಾಲಕರ ದೊಡ್ಡ ವಿದ್ಯೆ. ಇಷ್ಟು ಹೊತ್ತಿಗೆ ಯಂತ್ರವೂ ಅದನ್ನು ಚೆನ್ನಾಗಿಯೇ ಕಲಿತಿದೆ. ತೊಡಕು ಬರುವುದು ಜೇಬಿನಲ್ಲಿ ಇರುವುದು ನೂರೋ ಐವತ್ತೋ ಎಂದು ಗೊತ್ತಿಲ್ಲದಾಗ.

ನಮ್ಮ ಘಾಟಿಗೇ ಬನ್ನಿ. ಒಂದು ಹೇರ್‌ಪಿನ್ ತಿರುವಿನ ತ್ರಿಜ್ಯ 12 ಮೀಟರ್ ಎಂದು ಇಟ್ಟುಕೊಳ್ಳೋಣ. ಒಣ ಡಾಂಬರಿನಲ್ಲಿ ಘರ್ಷಣಾಂಕ, ಅಂದರೆ ಹಿಡಿತದ ಅಳತೆ, 0.8 ಎಂದರೆ ಗಾಡಿ ಗಂಟೆಗೆ ಸುಮಾರು 35 ಕಿಲೋಮೀಟರಿನಲ್ಲಿ ತಿರುಗಬಹುದು. ಅದೇ 0.4ಕ್ಕೆ ಇಳಿದರೆ 25. ಅರವತ್ತರಲ್ಲಿ ಬರುತ್ತಿರುವ ಗಾಡಿ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಒಣ ರಸ್ತೆಯಲ್ಲಿ ಸುಮಾರು 18 ಮೀಟರ್ ಬೇಕು, ಜಾರುವ ರಸ್ತೆಯಲ್ಲಿ 35. ಸಮತಟ್ಟು ರಸ್ತೆಯ ಲೆಕ್ಕ ಇದು, ಇಳಿಜಾರಿನಲ್ಲಿ ಇನ್ನೂ ಜಾಸ್ತಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುತ್ತದೆ. ಹದಿನಾಲ್ಕು ಹೇರ್‌ಪಿನ್‌ಗಳಲ್ಲಿ ಒಂದು ಒಣಗಿರುತ್ತದೆ, ಅದರ ಮುಂದಿನದಕ್ಕೆ ದರೆಯಿಂದ ನೀರು ಒಸರುತ್ತಿರುತ್ತದೆ, ಮತ್ತೊಂದರಲ್ಲಿ ಮರದ ನೆರಳಿಗೆ ಪಾಚಿ ಕಟ್ಟಿರುತ್ತದೆ. 0.8 ಮತ್ತು 0.4 ನಡುವೆ ಇನ್ನೂರು ಮೀಟರ್ ಅಂತರವೂ ಇರುವುದಿಲ್ಲ.

ನಿಮ್ಮ ಅಪ್ಪ ಒಂದು ತಿರುವಿಗೆ ಬರುವಾಗ ಏನು ಮಾಡುತ್ತಾರೆ ಎಂದು ಎಂದಾದರೂ ಪಕ್ಕದಲ್ಲಿ ಕೂತು ಗಮನಿಸಿದ್ದೀರಾ? ನಾನು ಅಂಥ ಬಸ್ಸುಗಳಲ್ಲಿ ಮುಂದಿನ ಸೀಟು ಸಿಕ್ಕರೆ ಬಿಡುವವನಲ್ಲ. ತಿರುವಿಗೆ ಇನ್ನೂ ಮೂವತ್ತು ಮೀಟರ್ ಇರುವಾಗಲೇ ಗೇರ್ ಎರಡಕ್ಕೆ ಇಳಿಯುತ್ತದೆ. ಇಂಜಿನ್ ಗಾಡಿಯನ್ನು ಹಿಡಿದು ನಿಧಾನ ಮಾಡುತ್ತದೆ, ಬ್ರೇಕಿನ ಮೇಲಿನ ಕಾಲು ಬರೀ ತಾಗಿಕೊಂಡಿರುತ್ತದೆ. ಕಣ್ಣು ರಸ್ತೆಯ ಹೊಳಪಿನ ಮೇಲೆ. ಕಪ್ಪಗೆ ಮಂಕಾಗಿದ್ದರೆ ಒಂದು ಬಗೆ, ಕನ್ನಡಿ ಹಾಗೆ ಮಿಂಚಿದರೆ ಇನ್ನೊಂದು ಬಗೆ. ತಿರುವು ಅರ್ಧ ಆದಾಗ ಸ್ಟೀರಿಂಗ್ ಹಿಡಿದ ಬೆರಳುಗಳು ಒಂದಿಷ್ಟು ಸಡಿಲ ಆಗುತ್ತವೆ. ಇದು ಉದಾಸೀನ ಅಲ್ಲ. ಮುಂದಿನ ಟೈರ್ ಪೂರ್ತಿ ಜಾರುವ ಮೊದಲೇ ಸ್ಟೀರಿಂಗ್ ಹಗುರ ಆಗಲು ಶುರುವಾಗುತ್ತದೆ. ಚಕ್ರವನ್ನು ನೇರಕ್ಕೆ ಎಳೆಯುವ ಬಲ ಮೊದಲು ಕುಗ್ಗುತ್ತದೆ, ಹಿಡಿತ ಅದರ ನಂತರ ಹೋಗುತ್ತದೆ. ನಡುವಿನ ಆ ಒಂದು ಚೂರು ಸಮಯದಲ್ಲಿ ಸುದ್ದಿ ಅಂಗೈಗೆ ಬರುತ್ತದೆ. ಬಿಗಿಯಾಗಿ ಹಿಡಿದ ಕೈಗೆ ಅದು ಕೇಳಿಸುವುದಿಲ್ಲ. ಫಾರ್ಮುಲಾ ಒನ್ ಚಾಲಕನೂ ಇದನ್ನೇ ಮಾಡುತ್ತಾನೆ, ವ್ಯತ್ಯಾಸ ಇಷ್ಟೇ, ಅವನ ವೇಗ ನಿಮ್ಮ ಅಪ್ಪನ ವೇಗದ ಹಲವು ಪಟ್ಟು.

ಈಗ ಯಂತ್ರದ ಪರ ಮಾತಾಡುತ್ತೇನೆ, ಯಾಕೆಂದರೆ ಅದು ಮಾಡಿರುವುದು ಸಣ್ಣ ಕೆಲಸ ಅಲ್ಲ. 2004ರ ಮಾರ್ಚಿನಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಾರ್ಪಾ ಮರುಭೂಮಿಯಲ್ಲಿ ಚಾಲಕನಿಲ್ಲದ ಗಾಡಿಗಳ ಓಟ ಇಟ್ಟಿತು. ದಾರಿ ಸುಮಾರು 240 ಕಿಲೋಮೀಟರ್. ಎಲ್ಲಕ್ಕಿಂತ ದೂರ ಹೋದ ಗಾಡಿಯೂ 12 ಕಿಲೋಮೀಟರ್ ಮುಟ್ಟಲಿಲ್ಲ. ಮರುವರ್ಷ ಅಕ್ಟೋಬರಿನಲ್ಲಿ ಐದು ಗಾಡಿಗಳು 212 ಕಿಲೋಮೀಟರಿನ ದಾರಿಯನ್ನು ಪೂರ್ತಿ ಮುಗಿಸಿದವು. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಏಳು ಗಂಟೆಯೊಳಗೆ ಮುಗಿಸಿ ಗೆದ್ದಿತು. ಒಂದೂವರೆ ವರ್ಷದಲ್ಲಿ ಇಷ್ಟು! ಅದೇ ಸ್ಟ್ಯಾನ್‌ಫೋರ್ಡಿನವರು ಆಡಿ ಕಂಪನಿಯ ಜೊತೆ ಸೇರಿ 2010ರಲ್ಲಿ ಶೆಲ್ಲಿ ಎಂಬ ಕಾರನ್ನು ಅಮೆರಿಕದ ಪೈಕ್ಸ್ ಪೀಕ್ ಬೆಟ್ಟ ಹತ್ತಿಸಿದರು. 20 ಕಿಲೋಮೀಟರ್, 156 ತಿರುವು, ಆಗ ಅರ್ಧಂಬರ್ಧ ಮಣ್ಣಿನ ದಾರಿ. ನಮ್ಮ ಘಾಟಿಯ ದೊಡ್ಡ ಅಣ್ಣ ಎನ್ನಿ. ಕಾರು 27 ನಿಮಿಷದಲ್ಲಿ ಮೇಲೆ ಮುಟ್ಟಿತು. ಪಳಗಿದ ಚಾಲಕನಿಗೆ ಅಂಥದ್ದೇ ಕಾರಿನಲ್ಲಿ 17 ನಿಮಿಷ ಸಾಕಾಗುತ್ತಿತ್ತು ಎಂದು ಆಗ ಅಂದಾಜು ಮಾಡಿದ್ದರು.

ಸಮತಟ್ಟಾದ, ಅಳತೆ ಗೊತ್ತಿರುವ ಟ್ರ್ಯಾಕಿನಲ್ಲಿ ಆ ಅಂತರ ಕರಗುತ್ತಾ ಬಂತು. 2021ರ ಅಕ್ಟೋಬರಿನಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ತಂಡದ ಕಾರು ಎರಡು ಸುತ್ತನ್ನು ಗಂಟೆಗೆ ಸರಾಸರಿ 218 ಕಿಲೋಮೀಟರ್ ವೇಗದಲ್ಲಿ ಮುಗಿಸಿ ಹತ್ತು ಲಕ್ಷ ಡಾಲರ್ ಗೆದ್ದಿತು. ಮರುವರ್ಷ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ಎರಡು ಕಾರುಗಳು ಒಂದನ್ನೊಂದು ಹಿಂದೆ ಹಾಕುವ ಪಂದ್ಯ, ಅಲ್ಲಿ ಇಟಲಿಯ ಮಿಲಾನಿನ ತಂಡ ಗೆದ್ದಿತು. ವೇಗ 270 ದಾಟಿತ್ತು. ಒಳಗೆ ಯಾರೂ ಇಲ್ಲದ ಎರಡು ಕಾರುಗಳು ಅಷ್ಟು ವೇಗದಲ್ಲಿ ಅಕ್ಕಪಕ್ಕ ಹೋಗುವುದನ್ನು ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಆ ಕೋಡ್ ಬರೆದದ್ದು ವಿಶ್ವವಿದ್ಯಾಲಯಗಳ ತಂಡಗಳು.

ಜನ ಸಾಮಾನ್ಯವಾಗಿ ಯಂತ್ರದ ಬಲ ಅದರ ಚುರುಕುತನ ಎಂದುಕೊಳ್ಳುತ್ತಾರೆ. ಗಂಟೆಗೆ 300 ಕಿಲೋಮೀಟರ್ ಎಂದರೆ ಸೆಕೆಂಡಿಗೆ 83 ಮೀಟರ್. ಮನುಷ್ಯ ಕಂಡದ್ದಕ್ಕೆ ಕೈಕಾಲು ಆಡಿಸಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು, ಅಷ್ಟರಲ್ಲಿ ಕಾರು 16 ಮೀಟರಿಗೂ ಮುಂದೆ ಹೋಗಿರುತ್ತದೆ. ಯಂತ್ರ ಸ್ಟೀರಿಂಗನ್ನು ಸೆಕೆಂಡಿಗೆ ನೂರು ಸಲ ತಿದ್ದಬಲ್ಲದು. ಹಾಗಾದರೆ ಯಂತ್ರ ಎಂದೋ ಗೆಲ್ಲಬೇಕಿತ್ತು ಅಲ್ವಾ? ಒಳ್ಳೆಯ ಚಾಲಕ ಕಂಡ ಮೇಲೆ ಕೈ ಆಡಿಸುವುದು ಕಡಿಮೆ, ಕಾಣುವ ಮೊದಲೇ ತಯಾರಾಗಿರುವುದು ಜಾಸ್ತಿ. ಅದಕ್ಕೇ ಅವನಿಗೆ ಆ 16 ಮೀಟರ್ ದೊಡ್ಡ ನಷ್ಟ ಆಗುವುದಿಲ್ಲ.

ಯಂತ್ರದ ನಿಜವಾದ ಬಲ ಬೇರೆ. ತಾನು ಎಲ್ಲಿದ್ದೇನೆ ಎಂದು ಅದಕ್ಕೆ ಗೊತ್ತು. ಉಪಗ್ರಹದ ಸಂಕೇತ, ನೆಲದ ಮೇಲಿನ ನೆರವಿನ ಕೇಂದ್ರ ಎರಡೂ ಸೇರಿದರೆ ಎರಡು ಮೂರು ಸೆಂಟಿಮೀಟರಿನ ಒಳಗೆ ಹೇಳುತ್ತದೆ. ನೂರು ಸುತ್ತು ಓಡಿದರೂ ಗೆರೆ ತಪ್ಪುವುದಿಲ್ಲ, ಸುಸ್ತಾಗುವುದಿಲ್ಲ. ನಿಮ್ಮ ಅಪ್ಪನಿಗೆ ತಾನು ಎಲ್ಲಿದ್ದೇನೆ ಎಂಬುದು ಅಂಗೈ ಅಗಲದಷ್ಟು ಆಚೀಚೆ ಗೊತ್ತು. ಆದರೆ ಚಕ್ರದ ಕೆಳಗೆ ಏನಿದೆ ಎಂಬುದು ಚಕ್ರ ಅಲ್ಲಿಗೆ ಮುಟ್ಟುವ ಮೊದಲೇ ಗೊತ್ತು. ಯಂತ್ರಕ್ಕೆ ಅದು ಚಕ್ರ ಜಾರಲು ಶುರುವಾದ ಮೇಲೆ ಗೊತ್ತಾಗುತ್ತದೆ. ಇವತ್ತಿನ ಮಟ್ಟಿಗೆ ಇಬ್ಬರ ನಡುವಿನ ವ್ಯತ್ಯಾಸ ಇದೇ ಎಂದು ನನ್ನ ಅನಿಸಿಕೆ.

ಡ್ರೋನಿನಲ್ಲಿ ಯಂತ್ರ ಗೆದ್ದದ್ದು ಹೇಗೆ ಎಂಬುದಕ್ಕೂ ಇಲ್ಲೇ ಉತ್ತರ ಇದೆ. ಜ್ಯೂರಿಕ್ ವಿಶ್ವವಿದ್ಯಾಲಯದವರ ಸ್ವಿಫ್ಟ್ ಎಂಬ ಡ್ರೋನ್ ಮೂವರು ಚಾಂಪಿಯನ್‌ಗಳ ಎದುರು ಗೆದ್ದ ವರದಿ 2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಗಾಳಿಗೆ ಪಾಚಿ ಕಟ್ಟುವುದಿಲ್ಲ. ಕೋಣೆಯೊಳಗಿನ ಗಾಳಿ ಬೆಳಿಗ್ಗೆ ಇದ್ದ ಹಾಗೇ ಸಂಜೆಯೂ ಇರುತ್ತದೆ. ದಾಟಬೇಕಾದ ಗೇಟುಗಳು ಇದ್ದಲ್ಲೇ ಇರುತ್ತವೆ. ಹಾಗಾಗಿ ಕಂಪ್ಯೂಟರಿನೊಳಗೆ ಲಕ್ಷ ಸಲ ಹಾರಿಸಿ ಕಲಿಸಿದ್ದು ಹೊರಗೂ ಹೆಚ್ಚು ಕಡಿಮೆ ಹಾಗೇ ನಡೆಯಿತು. ಆದರೂ ಬೆಳಕು ಬದಲಾದರೆ ಅದಕ್ಕೆ ಕಷ್ಟ ಎಂದು ಅವರೇ ಬರೆದಿದ್ದಾರೆ. ಎಲ್ಲಾದರೂ ತಾಗಿದ ಮೇಲೆ ಸಾವರಿಸಿಕೊಂಡು ಮುಂದೆ ಹಾರುವುದನ್ನೂ ಅದು ಕಲಿತಿರಲಿಲ್ಲ. ಮನುಷ್ಯರು ಹಾರಿಸಿದ ಡ್ರೋನ್ ತಾಗಿ, ಓಲಾಡಿ, ಮತ್ತೆ ಓಟಕ್ಕೆ ಸೇರುತ್ತಿತ್ತು.

ರಸ್ತೆ ಹಾಗಲ್ಲ. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್‌ನ ಸುತ್ತುಗಳು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆದಾಗ ನಾನು ಮಾರ್ಷಲ್ ಆಗಿ ನಿಂತಿದ್ದೇನೆ. ಅಲ್ಲಿ ಕಂಡದ್ದನ್ನು ಹೇಳಬೇಕು. ಬೆಳಿಗ್ಗೆ ಮೊದಲ ಕಾರು ಬರುವಾಗ ತಿರುವಿನ ಮೇಲೆ ಸಣ್ಣ ಜಲ್ಲಿ, ಒಣ ಎಲೆ ಹಾಸಿರುತ್ತದೆ, ಇಬ್ಬನಿ ಇನ್ನೂ ಆರಿರುವುದಿಲ್ಲ. ಆ ಕಾರು ಕಸ ಗುಡಿಸಿದ ಹಾಗೆ ಗುಡಿಸಿಕೊಂಡು ಹೋಗುತ್ತದೆ. ಐದನೆಯ ಕಾರಿಗೆ ದಾರಿ ಚೊಕ್ಕವಾಗಿರುತ್ತದೆ. ಹದಿನೈದನೆಯದಕ್ಕೆ ಕೆಂಪು ಮಣ್ಣು ಕಿತ್ತು ಗುಂಡಿ ಬಿದ್ದಿರುತ್ತದೆ. ಮಧ್ಯಾಹ್ನ ಅದೇ ದಾರಿಯನ್ನು ಎರಡನೇ ಸಲ ಓಡುವಾಗ ತಿರುವಿನ ಒಳಮೈಯಲ್ಲಿ ತಲೆ ಗಾತ್ರದ ಕಲ್ಲು ಎದ್ದಿರುತ್ತದೆ. ಎರಡು ಓಟಗಳ ನಡುವೆ ಸರ್ವೀಸ್ ಜಾಗದಲ್ಲಿ, ಚಾಲಕನ ಪಕ್ಕ ಕೂತು ದಾರಿ ಹೇಳುವ ಒಬ್ಬ ನ್ಯಾವಿಗೇಟರ್ ಊಟದ ತಟ್ಟೆ ಪಕ್ಕಕ್ಕಿಟ್ಟು, ತಿರುವುಗಳನ್ನು ಬರೆದಿಟ್ಟುಕೊಂಡ ಪೇಸ್ ನೋಟ್ಸ್ ಪುಸ್ತಕ ತೆರೆದ. ಒಂದು ಬಲ ತಿರುವಿಗೆ 'ರೈಟ್ ಟೂ' ಎಂದು ಬರೆದಿದ್ದ ಸಾಲಿನ ಪಕ್ಕ ಪೆನ್ಸಿಲಿನಲ್ಲಿ 'ಡೋಂಟ್ ಕಟ್' ಎಂದು ಸೇರಿಸಿ ಅಡಿಗೆರೆ ಎಳೆದ. ಒಳಗಿನಿಂದ ಕತ್ತರಿಸಿಕೊಂಡು ಹೋಗಬೇಡ, ಅಲ್ಲಿ ಕಲ್ಲಿದೆ ಎಂದು ಅರ್ಥ. ಆ ಕಲ್ಲನ್ನು ಅವರು ಬೆಳಿಗ್ಗೆ ನೂರರ ಹತ್ತಿರದ ವೇಗದಲ್ಲಿ, ಧೂಳಿನ ನಡುವೆ ಒಂದೇ ಸಲ ಕಂಡಿದ್ದರು. ಆಗ ಅದು ಇನ್ನೂ ಪೂರ್ತಿ ಎದ್ದಿರಲೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಏಳುತ್ತದೆ ಎಂದು ಅವರೇ ಲೆಕ್ಕ ಹಾಕಿದ್ದರು.

ಇನ್ನೊಂದು ತೊಡಕು ಬೇರೆಯವರದು. ರೇಸ್ ಎಂದರೆ ಒಬ್ಬನೇ ಓಡುವುದಲ್ಲವಲ್ಲ. ಸೋನಿಯವರು ಗ್ರ್ಯಾನ್ ಟುರಿಸ್ಮೊ ಎಂಬ ವಿಡಿಯೊ ಗೇಮಿಗೆ ಸೋಫಿ ಎಂಬ ಯಂತ್ರ ಚಾಲಕನನ್ನು ತಯಾರಿಸಿದರು. ಒಂಟಿಯಾಗಿ ಓಡಿದರೆ ಅದರ ಸಮಯಕ್ಕೆ ಯಾರೂ ಸಾಟಿ ಇರಲಿಲ್ಲ. ಆದರೂ 2021ರ ಜುಲೈನಲ್ಲಿ ಮನುಷ್ಯರ ತಂಡದ ಎದುರು ತಂಡವಾಗಿ ಓಡಿದಾಗ ಸೋತಿತು. ಅಕ್ಟೋಬರಿನಲ್ಲಿ ಗೆದ್ದಿತು. ಕಲಿಸಲು ಕಷ್ಟವಾದದ್ದು ವೇಗ ಅಲ್ಲ, ನಡತೆ. ತಾಗಿಸಬೇಡ ಎಂದು ಜೋರಾಗಿ ಹೇಳಿದರೆ ಅಂಜಿ ಜಾಗ ಬಿಟ್ಟುಕೊಡುತ್ತದೆ, ಮೆಲ್ಲಗೆ ಹೇಳಿದರೆ ಮೇಲೆ ಬೀಳುತ್ತದೆ. ನಡುವಿನ ಹದ ಸಿಗಲು ಹೊತ್ತು ಹಿಡಿಯಿತು. 2024ರ ಏಪ್ರಿಲಿನಲ್ಲಿ ಅಬುಧಾಬಿಯ ಯಾಸ್ ಮರೀನಾ ಟ್ರ್ಯಾಕಿನಲ್ಲಿ ನಿಜವಾದ ಕಾರುಗಳ ಓಟ ನಡೆದಾಗ ಇದು ಇನ್ನೊಂದು ರೂಪದಲ್ಲಿ ಬಂತು. ಒಂದು ಕಾರು ಗಿರಕಿ ಹೊಡೆದು ನಿಂತಿತು, ಹಳದಿ ಬಾವುಟ ಬಂತು. ಹಳದಿ ಬಾವುಟ ಇರುವಾಗ ಯಾರನ್ನೂ ಹಿಂದೆ ಹಾಕಬಾರದು ಎಂಬುದು ನಿಯಮ. ಹಿಂದಿನ ಕಾರು ಬಂದು ನಿಂತ ಕಾರಿನ ಹಿಂದೆ ನಿಂತುಬಿಟ್ಟಿತು. ನಿಂತಿರುವುದನ್ನು ದಾಟಿದರೆ ಅದು ಹಿಂದೆ ಹಾಕಿದ ಲೆಕ್ಕಕ್ಕೆ ಬರುವುದಿಲ್ಲ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಮನುಷ್ಯನಿಗೆ ಯಾರೂ ಹೇಳಬೇಕಿಲ್ಲ.

ಇಲ್ಲಿ ಅರ್ಜೆಂಟೀನಾದ ರೇಸ್ ಚಾಲಕ ಹುವಾನ್ ಮ್ಯಾನುಯೆಲ್ ಫ್ಯಾಂಜಿಯೊ ಅವರ ಒಂದು ಪ್ರಸಂಗ ಹೇಳದೆ ನನಗೆ ಮುಂದೆ ಹೋಗಲು ಆಗುವುದಿಲ್ಲ. 1950ರ ಮೊನಾಕೊ ಗ್ರ್ಯಾನ್ ಪ್ರೀ. ಮೊದಲ ಸುತ್ತಿನಲ್ಲಿ ಸಮುದ್ರದ ನೀರು ರಸ್ತೆಗೆ ಹಾರಿ ಫ್ಯಾಂಜಿಯೊ ಹಿಂದಿದ್ದ ಕಾರುಗಳು ಒಂದರ ಮೇಲೊಂದು ಗುದ್ದಿಕೊಂಡವು. ಮುಂದಿದ್ದ ಅವರಿಗೆ ಅದು ಕಂಡಿರಲಿಲ್ಲ. ಎರಡನೇ ಸುತ್ತಿನಲ್ಲಿ ಆ ಜಾಗಕ್ಕೆ ಬರುವಾಗ ಪ್ರೇಕ್ಷಕರು ಯಾರೂ ತನ್ನ ಕಡೆ ನೋಡುತ್ತಿಲ್ಲ ಎಂದು ಅವರಿಗೆ ಅನಿಸಿತು. ಮೊದಲ ಸ್ಥಾನದಲ್ಲಿರುವ ಕಾರು ಬರುತ್ತಿದ್ದರೂ ಎಲ್ಲರ ತಲೆ ಆಚೆ ತಿರುಗಿತ್ತು. ಫ್ಯಾಂಜಿಯೊ ಕೂಡಲೇ ಬ್ರೇಕ್ ಹಿಡಿದರು, ತಿರುವಿನಾಚೆ ಚೆಲ್ಲಿಬಿದ್ದಿದ್ದ ಕಾರುಗಳ ಸಂದಿಯಲ್ಲಿ ಮೆಲ್ಲಗೆ ನುಸುಳಿ ಹೋದರು, ಆ ರೇಸ್ ಗೆದ್ದರು. ಇಂದಿನ ಯಾವ ಕ್ಯಾಮೆರಾಕ್ಕೂ ಆ ತಲೆಗಳು ಕಾಣುತ್ತವೆ. ತಲೆ ಆಚೆ ತಿರುಗಿದ್ದರೆ ಮುಂದೆ ಏನೋ ಆಗಿದೆ ಎಂದು ತಿಳಿಯಬೇಕು ಎಂಬುದು ಯಂತ್ರಕ್ಕೆ ಮೊದಲೇ ಗೊತ್ತಿರಬೇಕು, ಅಷ್ಟೇ. ನಿಮ್ಮ ಅಪ್ಪನೂ ತಡೆಗೋಡೆಯ ಮೇಲೆ ಯಾವಾಗಲೂ ಕೂತಿರುವ ಮಂಗಗಳು ಇವತ್ತು ಮರ ಹತ್ತಿವೆ ಎಂದರೆ ತಿರುವಿನಾಚೆ ಏನೋ ಇದೆ ಎಂದು ಹಾರ್ನ್ ಒತ್ತುತ್ತಾರೆ. ಕೇಳಿ ನೋಡಿ, ಹೌದೆನ್ನುತ್ತಾರೆ.

ಹಾಗಾದರೆ ಯಂತ್ರ ಗೆಲ್ಲುತ್ತದಾ? ಒಣ ಟ್ರ್ಯಾಕ್, ಬಿಸಿ ಟೈರ್, ಒಂದೇ ಕಾರು, ಒಂದು ಸುತ್ತಿನ ಸಮಯ ಎಂದರೆ ಗೆಲ್ಲುತ್ತದೆ, ಅದಕ್ಕೆ ಬಹಳ ವರ್ಷ ಬೇಕಿಲ್ಲ ಎಂದೇ ನಾನು ಹೇಳುತ್ತೇನೆ. ಇಪ್ಪತ್ತು ಕಾರು, ಅರ್ಧ ಟ್ರ್ಯಾಕಿಗೆ ಮಳೆ ಎಂದರೆ ತಡ ಆಗುತ್ತದೆ. ಜುಲೈ ತಿಂಗಳಲ್ಲಿ ಕಾಫಿ ತೋಟದ ಮಣ್ಣಿನ ದಾರಿಯ ರ‍್ಯಾಲಿ ಎಂದರೆ ನನ್ನ ಕಾಲದಲ್ಲಿ ನೋಡುತ್ತೇನೆ ಎಂಬ ನಂಬಿಕೆ ನನಗಿಲ್ಲ.

ಆಮೇಲೆ ರೇಸಿನಲ್ಲಿ ಏನು ಉಳಿಯುತ್ತದೆ ಎಂಬ ಎರಡನೇ ಪ್ರಶ್ನೆ ನನಗೆ ಮೊದಲನೆಯದಕ್ಕಿಂತ ಇಷ್ಟವಾಯಿತು. ರೇಸಿನವರು ಇದನ್ನು ಮೂವತ್ತು ವರ್ಷದ ಹಿಂದೆಯೇ ಒಮ್ಮೆ ಎದುರಿಸಿದ್ದಾರೆ. 1993ರ ಹೊತ್ತಿಗೆ ಫಾರ್ಮುಲಾ ಒನ್ ಕಾರುಗಳಲ್ಲಿ ಚಕ್ರ ಸುಮ್ಮನೆ ಸುತ್ತದ ಹಾಗೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್, ತಾನೇ ಎತ್ತರ ಸರಿ ಮಾಡಿಕೊಳ್ಳುವ ಸಸ್ಪೆನ್ಷನ್, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದ ಹಾಗೆ ತಡೆಯುವ ಎಬಿಎಸ್ ಎಲ್ಲ ಬಂದಿದ್ದವು. 1994ಕ್ಕೆ ಎಲ್ಲವನ್ನೂ ನಿಷೇಧಿಸಿದರು. ಕದ್ದು ಬಳಸುತ್ತಾರೆ, ಹಿಡಿಯಲು ಆಗುವುದಿಲ್ಲ ಎಂದು 2001ರಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಮತ್ತೆ ಬಿಟ್ಟರು. 2008ರಲ್ಲಿ ಎಲ್ಲ ತಂಡಗಳಿಗೂ ಒಂದೇ ಬಗೆಯ ಕಂಪ್ಯೂಟರ್ ಕೊಟ್ಟು ಮತ್ತೆ ಕಿತ್ತು ಹಾಕಿದರು. ಚಾಲಕ ಒಬ್ಬನೇ, ಯಾರ ನೆರವೂ ಇಲ್ಲದೆ ಕಾರು ಓಡಿಸಬೇಕು ಎಂಬ ಮಾತು ಅವರ ನಿಯಮದ ಪುಸ್ತಕದಲ್ಲೇ ಇದೆ. ಕಾರು ಇನ್ನೂ ಬೇಗ ಹೋಗಬಹುದು ಎಂದು ಗೊತ್ತಿದ್ದೂ ಬೇಡ ಎಂದರು. ನನಗೆ ಅದು ಸರಿ ಅನಿಸುತ್ತದೆ.

ಘಟ್ಟದ ಕೆಳಗೆ ಕಂಬಳ ನೋಡಿದ್ದೀರಲ್ಲ. ಈಗ ಓಟದ ಗದ್ದೆಯ ತುದಿಯಲ್ಲಿ ಲೇಸರ್ ಕಿರಣ ಇಟ್ಟು ಯಾವ ಕೋಣದ ಜೋಡಿ ಮೊದಲು ಮುಟ್ಟಿತು ಎಂದು ಅಳೆಯುತ್ತಾರೆ. ಯಾರೂ ಬೇಸರ ಮಾಡಿಕೊಂಡಿಲ್ಲ, ಜಗಳ ಕಡಿಮೆಯಾಯಿತು ಎಂದು ಖುಷಿಯೇ ಆಯಿತು. ಹಾಗೆಂದು ಓಡಿಸುವವನನ್ನು ತೆಗೆದು ಹಾಕೋಣ ಎಂದು ಯಾರಾದರೂ ಅಂದರೆ ಗದ್ದೆ ಬದಿಯಲ್ಲಿ ನಿಂತವರು ಮನೆಗೆ ಹೋಗುತ್ತಾರೆ. ಅಲ್ಲಿ ಜನ ನೋಡಲು ಬರುವುದು ಕೋಣದ ವೇಗ ಒಂದನ್ನೇ ಅಲ್ಲ. ಕೆಸರಿನಲ್ಲಿ ಕಾಲು ಸಿಕ್ಕಿದರೂ ಬಿಡದೆ ಹಿಡಿದುಕೊಂಡು ಓಡುವ ಆ ಮನುಷ್ಯನನ್ನು.

ಅದಕ್ಕೇ ಎರಡೂ ಓಟಗಳು ಬೇರೆ ಬೇರೆಯಾಗಿ ಇರಲಿ ಎಂಬುದು ನನ್ನ ಅಭಿಪ್ರಾಯ. ಯಂತ್ರದ ರೇಸನ್ನು ಇಂಜಿನಿಯರುಗಳ ಪಂದ್ಯವಾಗಿ ನೋಡಬೇಕು, ಅದಕ್ಕೆ ಅದರದೇ ಗೌರವ ಕೊಡಬೇಕು. ಅಲ್ಲಿ ಕಾರು ಗೋಡೆಗೆ ಗುದ್ದಿದರೆ ಯಾರ ಮನೆಯಲ್ಲೂ ಅಳು ಏಳುವುದಿಲ್ಲ. ಮನುಷ್ಯನನ್ನು ಕೂರಿಸಿ ಕಲಿಯಲು ಆಗದ ಪಾಠವನ್ನು ಅಲ್ಲಿ ಕಲಿಯಬಹುದು. ಜಾರುವ ಅಂಚಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವ ಲೆಕ್ಕವನ್ನು ಅಲ್ಲಿ ಪಕ್ಕಾ ಮಾಡಿದರೆ ನಾಳೆ ಅದು ಘಾಟಿಯ ಬಸ್ಸಿಗೂ ಬರುತ್ತದೆ. ಎಬಿಎಸ್ ಕೂಡ ಹೀಗೇ ಬೇರೆ ಕಡೆಯಿಂದ ರಸ್ತೆಗೆ ಬಂತು. ಮೊದಲು ವಿಮಾನದ ಚಕ್ರಕ್ಕೆ, ಆಮೇಲೆ ದುಬಾರಿ ಕಾರಿಗೆ, ನಮ್ಮ ದೇಶದ ಹೊಸ ಕಾರುಗಳಿಗೆ 2019ರಿಂದ ಕಡ್ಡಾಯ.

ಆದರೆ ಮಲೆನಾಡಿನ ರಸ್ತೆಗೆ ಆ ಯಂತ್ರವನ್ನು ತರುವುದು ಎಷ್ಟು ಕಷ್ಟ ಎಂದು ನನ್ನ ಕೈಯಿಂದಲೇ ಕಂಡಿದ್ದೇನೆ. ಕೆಲವು ವರ್ಷದ ಹಿಂದೆ ನಮ್ಮ ಹುಡುಗ ಹುಡುಗಿಯರು ಒಂದು ಪುಟ್ಟ ಗಾಡಿ ಕಟ್ಟಿದರು. ಮಂಡಿ ಎತ್ತರದ್ದು, ಮೇಲೆ ಸುತ್ತುವ ಲೈಡಾರ್. ಬೆಳಕಿನ ಕಿರಣ ಬಿಟ್ಟು, ಅದು ತಾಗಿ ವಾಪಸ್ ಬರುವ ಸಮಯದಿಂದ ದೂರ ಅಳೆಯುವ ಸಾಧನ ಅದು. ಶಿವಮೊಗ್ಗದ ಮೈದಾನದಲ್ಲಿ ಚೆನ್ನಾಗಿ ಓಡಿತು. ಆಗಸ್ಟಿನಲ್ಲಿ ಆಗುಂಬೆಗೆ ತೆಗೆದುಕೊಂಡು ಹೋದೆವು. ಮಂಜು ಇಳಿದಿತ್ತು. ಗಾಡಿ ಎರಡು ಮೀಟರ್ ಹೋಗುವುದು, ನಿಲ್ಲುವುದು. ಮತ್ತೆ ಎರಡು ಮೀಟರ್, ಮತ್ತೆ ನಿಲ್ಲುವುದು. ಕಿರಣ ಮಂಜಿನ ಹನಿಗೇ ತಾಗಿ ವಾಪಸ್ ಬರುತ್ತಿತ್ತು, ಎದುರಿಗೆ ಗೋಡೆ ಇದೆ ಎಂದು ಗಾಡಿ ತಿಳಿದುಕೊಳ್ಳುತ್ತಿತ್ತು. ಮರಗಳ ಕೆಳಗೆ ಹೋದ ಮೇಲೆ ಉಪಗ್ರಹದ ಸಂಕೇತವೂ ಕೆಟ್ಟಿತು. ನಿಂತಲ್ಲೇ ನಿಂತ ಗಾಡಿ ಪರದೆಯ ಮೇಲೆ ನಾಲ್ಕು ಮೀಟರ್ ಆಚೆ, ಚರಂಡಿಯಾಚೆ ಹಾರಿತ್ತು. ಯಂತ್ರದ ದೊಡ್ಡ ಬಲ ಎಂದೆನಲ್ಲ, ತಾನು ಎಲ್ಲಿದ್ದೇನೆ ಎಂಬ ಅರಿವು, ಅದನ್ನೇ ನಮ್ಮ ಕಾಡು ಕಿತ್ತುಕೊಂಡಿತು. ಆ ಮಕ್ಕಳು ಅವತ್ತು ನೆನೆದುಕೊಂಡೇ ಅದರ ಮೇಲೆ ಕೊಡೆ ಹಿಡಿದು ರಾತ್ರಿವರೆಗೂ ಕೆಲಸ ಮಾಡಿದ್ದನ್ನು ನಾನು ಮರೆತಿಲ್ಲ.

ಅದಕ್ಕೇ ನಿಮಗೆ ಒಂದು ಕೆಲಸ ಹೇಳುತ್ತೇನೆ. ಇಡೀ ಶಿವಮೊಗ್ಗದಲ್ಲಿ ಇದಕ್ಕೆ ನಿಮ್ಮಷ್ಟು ಒಳ್ಳೆಯ ಜಾಗದಲ್ಲಿ ಇರುವವರು ಕಡಿಮೆ. ನಿಮ್ಮ ಫೋನಿನಲ್ಲಿ ವೇಗೋತ್ಕರ್ಷ ಅಳೆಯುವ ಸೆನ್ಸರ್ ಇದೆ, ಅದನ್ನು ಬರೆದಿಡುವ ಆ್ಯಪ್‌ಗಳು ಸುಮ್ನೆ ಸಿಗುತ್ತವೆ. ಫೋನನ್ನು ಅಪ್ಪನ ಬಸ್ಸಿನ ನೆಲಕ್ಕೆ, ಆದಷ್ಟು ನಡುಭಾಗದಲ್ಲಿ, ಅಲುಗಾಡದ ಹಾಗೆ ಟೇಪ್ ಹಾಕಿ ಅಂಟಿಸಿ. ಒಣ ದಿನ ಹತ್ತು ಟ್ರಿಪ್, ಮಳೆಯ ದಿನ ಹತ್ತು ಟ್ರಿಪ್ ದಾಖಲಿಸಿ. ಹದಿನಾಲ್ಕು ತಿರುವಿಗೂ ಬದಿಗೆ ಎಳೆದ ಬಲ ಎಷ್ಟು, ಬ್ರೇಕಿನ ಬಲ ಎಷ್ಟು ಎಂದು ಗ್ರಾಫ್ ಹಾಕಿ. ಜೇಬಿನಲ್ಲಿದ್ದ ನೂರರಲ್ಲಿ ಅಪ್ಪ ಎಷ್ಟು ಖರ್ಚು ಮಾಡಿದರು, ಎಷ್ಟು ಉಳಿಸಿಕೊಂಡರು ಎಂದು ಕಾಣುತ್ತದೆ. ಮಳೆಯಲ್ಲಿ ಯಾವ ತಿರುವಿಗೆ ಜಾಸ್ತಿ ಉಳಿಸಿಕೊಂಡಿದ್ದಾರೆ ಎಂದು ಗುರುತು ಮಾಡಿ, 'ಅಲ್ಲಿ ಏನು ನೋಡಿ ನಿಧಾನ ಮಾಡಿದಿರಿ ಅಪ್ಪಾ' ಎಂದು ಕೇಳಿ. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಒಸರು, ಹೊಳಪು, ಎಲೆ, ಮಂಗ, ಏನಾದರೂ ಸರಿ. ನಮ್ಮ ಯಂತ್ರಗಳ ಹತ್ತಿರ ಇಲ್ಲದಿರುವುದು ಆ ಪಟ್ಟಿ. ಕೇಳುವುದನ್ನು ಮಾತ್ರ ಘಾಟಿಯಲ್ಲಿ ಕೇಳಬೇಡಿ. ಕೆಳಗೆ ಸೋಮೇಶ್ವರದಲ್ಲಿ ಬಸ್ ನಿಂತು, ಅವರು ಚಹಾ ಕುಡಿಯುವಾಗ ಕೇಳಿ.